ಮ್ಯೂನಿಕ್‌ಗೆ ಬಂದು 16 ದಿನ, ಇನ್ನೂ ವಿಳಾಸವಿಲ್ಲ: ವಾಪಸ್ ಬಂದುಬಿಡಲಾ?

ಪ್ರಶ್ನೆ: ನನ್ನದು ಚಿತ್ರದುರ್ಗದ ಹತ್ತಿರದ ಊರು. ವಯಸ್ಸು 23. ಬೆಂಗಳೂರಿನಲ್ಲಿ ಬಿ.ಇ. ಮುಗಿಸಿ, ಮಾಸ್ಟರ್ಸ್ ಓದಲು ಜರ್ಮನಿಯ ಮ್ಯೂನಿಕ್‌ಗೆ ಬಂದು ಇವತ್ತಿಗೆ 16 ದಿನ. ಇನ್ನೂ ಪ್ರವಾಸಿಗರು ಉಳಿಯುವ ಹಾಸ್ಟೆಲ್‌ನಲ್ಲಿ, ಆರು ಮಂಚದ ಕೋಣೆಯಲ್ಲಿದ್ದೇನೆ. ಎಷ್ಟೋ ರೂಮುಗಳಿಗೆ ಬರೆದೆ, ಉತ್ತರ ಬಂದದ್ದು ಮೂರೋ ನಾಲ್ಕೋ. 14 ದಿನದೊಳಗೆ ವಿಳಾಸ ನೋಂದಣಿ ಮಾಡಿಸದಿದ್ದರೆ 1,000 ಯೂರೋ ದಂಡ, ವೀಸಾನೂ ರದ್ದು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹೇಳುತ್ತಾರೆ. ಈಗ ಇಲ್ಲಿನ ಶ್ವಾಬಿಂಗ್ ಬಡಾವಣೆಯಲ್ಲಿ 650 ಯೂರೋಗೆ ಒಂದು ಪೂರ್ತಿ ಮನೆ ಸಿಕ್ಕಿದೆ. ಮಾಲೀಕರು ಸ್ಪೇನ್‌ನಲ್ಲಿದ್ದಾರಂತೆ. 1,950 ಯೂರೋ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾರಂತೆ. ನಂಬಿಕೆಗೆ ಅಂತ ತಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಿದ್ದಾರೆ. ಇನ್ನೊಬ್ಬರು, ರೂಮು ಇಲ್ಲ, ಬರೀ ವಿಳಾಸ ಕೊಡುತ್ತೇನೆ, 300 ಯೂರೋ ಎನ್ನುತ್ತಾರೆ. ವೀಸಾಗಾಗಿ ಮೊದಲೇ ಕಟ್ಟಿ, ತಿಂಗಳು ತಿಂಗಳು ಬಿಡುಗಡೆಯಾಗುವ ಬ್ಲಾಕ್ಡ್ ಅಕೌಂಟಿನ ದುಡ್ಡು ಇನ್ನೂ ಕೈಗೆ ಬಂದಿಲ್ಲ. ಬ್ರೇಕ್‌ನಲ್ಲಿ ಕ್ಲಾಸಿನವರೆಲ್ಲ ಜರ್ಮನ್‌ನಲ್ಲೇ ಮಾತಾಡುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಕ್ಯಾಷಿಯರ್ ನನ್ನ ಮೇಲೆ ಸಿಡುಕಿದಳು. ಅನ್ನ ಮಾಡಿದರೆ ಅಂಟು ಮುದ್ದೆ ಆಗುತ್ತದೆ. ರಾತ್ರಿ ಎರಡು ಗಂಟೆ ತನಕ ನಿದ್ದೆ ಇಲ್ಲ. ಅಮ್ಮನ ಫೋನ್ ಇಟ್ಟ ಕೂಡಲೇ ಅಳು ಬರುತ್ತದೆ. ಅಪ್ಪ ಮನೆ ಅಡ ಇಟ್ಟು ಸಾಲ ತೆಗೆದಿದ್ದಾರೆ, ಅವರಿಗೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದೇನೆ. ನನ್ನ ಕೈಲಿ ಆಗಲ್ಲ ಅನ್ನಿಸುತ್ತಿದೆ. ವಾಪಸ್ ಬಂದುಬಿಡಲಾ?

ಉತ್ತರ: ಆ ಶ್ವಾಬಿಂಗ್ ಮನೆಗೆ ದುಡ್ಡು ಕಳಿಸಬೇಡಿ. ವಿಳಾಸ ಮಾರುವವರಿಗೂ ಕೊಡಬೇಡಿ. ಇವತ್ತೇ ಹೇಳಲೇಬೇಕಾದದ್ದು ಇವೆರಡು. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಜರ್ಮನಿಗೆ ಓದಲು ಬಂದವರಿಗೆ ಸಲಹೆ ಕೊಡುವುದೇ ನನ್ನ ಕೆಲಸ. ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಇಂಥ ಪತ್ರಗಳು ಬರುತ್ತವೆ. ರೂಮು, ದುಡ್ಡು, ನಿದ್ದೆ, ಅಳು, ಅಕ್ಕಿ ಎಲ್ಲವೂ ಒಂದೇ ಉಸಿರಿನಲ್ಲಿ. ಬರೆಯುವವರಿಗೆ ಅದೆಲ್ಲ ಸೇರಿ ‘ನನ್ನ ಕೈಲಿ ಆಗಲ್ಲ’ ಎಂಬ ಒಂದೇ ಮಾತಾಗಿ ಕಾಣುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಬೇರೆ. ನಿಮಗೆ ವಿಳಾಸ ಇಲ್ಲ. ನಿಮ್ಮ ತೊಂದರೆಯಲ್ಲಿ ಮುಕ್ಕಾಲು ಪಾಲು ಅದರಿಂದಲೇ ಹುಟ್ಟಿದೆ. ಈ ದೇಶದಲ್ಲಿ ವಿಳಾಸ ಇಲ್ಲದವರಿಗೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಅದು ನಿಮ್ಮ ಕೈಲಾಗದತನವಲ್ಲ.

ಹೇಗೆಂದರೆ, ಮನೆ ಕೊಟ್ಟವರು ‘ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ’ ಎಂದು ಒಂದು ಫಾರ್ಮ್‌ಗೆ ಸಹಿ ಹಾಕಿ ಕೊಡಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಾಡಿಗೆ ಕರಾರು ಒಂದೇ ಇದ್ದರೆ ಸಾಲದು, ಈ ಕಾಗದವೇ ಬೇಕು. ಅದನ್ನು ತೆಗೆದುಕೊಂಡು ಹೋಗಿ ಮಾಡಿಸುವ ನೋಂದಣಿಯೇ ಆನ್‌ಮೆಲ್ಡುಂಗ್. ಮ್ಯೂನಿಕ್‌ನಲ್ಲಿ ಇದು ಕೆ.ವಿ.ಆರ್. ಎಂಬ ಕಚೇರಿಯ ಕೆಳಗಿರುವ ನಾಗರಿಕ ಸೇವಾ ಕೇಂದ್ರಗಳಲ್ಲಿ ಆಗುತ್ತದೆ. ಮುಖ್ಯ ಕಚೇರಿ ರುಪರ್ಟ್‌ಸ್ಟ್ರಾಸೆಯಲ್ಲಿದೆ, ಪೊಚ್ಚಿಸ್ಟ್ರಾಸೆ ಮೆಟ್ರೋ ನಿಲ್ದಾಣದ ಹತ್ತಿರ. ನೋಂದಣಿ ಆದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ವಿಮೆ ಕಾರ್ಡ್, ಬ್ಯಾಂಕಿನ ಕಾಗದ, ಮುಂದಿನ ವಾಸ ಪರವಾನಗಿಯ ಪತ್ರ ಎಲ್ಲವೂ ಆ ವಿಳಾಸಕ್ಕೇ ಬರಬೇಕು. ಒಂದು ಸಿಗದೆ ಇನ್ನೊಂದು ಸಿಗುವುದಿಲ್ಲ.

ದಂಡ, ವೀಸಾ: ಎಷ್ಟು ನಿಜ?

ಅರ್ಧ ಮಾತ್ರ ನಿಜ. ಹೊಸ ಮನೆಗೆ ಹೋದ ಮೇಲೆ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಎಂದು ಕಾನೂನು ಹೇಳುತ್ತದೆ. ಆ ಎರಡು ವಾರ ಎಣಿಸುವುದು ನೀವು ಮನೆ ಸೇರಿದ ದಿನದಿಂದ. ವಿಮಾನ ಇಳಿದ ದಿನದಿಂದ ಅಲ್ಲ. ನೀವು ಇನ್ನೂ ಮನೆ ಸೇರಿಯೇ ಇಲ್ಲ, ಅಲ್ವಾ? ವಿದೇಶದಿಂದ ಬಂದು ಹೋಟೆಲ್, ಹಾಸ್ಟೆಲ್‌ಗಳಲ್ಲಿ ತಾತ್ಕಾಲಿಕವಾಗಿ ಉಳಿದವರಿಗೆ ಮೂರು ತಿಂಗಳ ತನಕ ಈ ಕಡ್ಡಾಯ ಇಲ್ಲ. ಹಾಗಾಗಿ ನೀವು ಇವತ್ತಿಗೆ ಯಾವ ನಿಯಮವನ್ನೂ ಮುರಿದಿಲ್ಲ.

1,000 ಯೂರೋ ಎನ್ನುವುದು ಕಾನೂನು ಇಟ್ಟ ಗರಿಷ್ಠ ಮಿತಿ. ಮನೆ ಸಿಕ್ಕ ಮೇಲೂ ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗದೇ ಹೋಗುವುದು ಮ್ಯೂನಿಕ್‌ನಲ್ಲಿ ತೀರಾ ಸಾಮಾನ್ಯ. ದಿನಾಂಕ ಕಾಯ್ದಿರಿಸಿದ ಇಮೇಲ್ ಇಟ್ಟುಕೊಳ್ಳಿ, ಅಷ್ಟು ಸಾಕು. ಅಪಾಯಿಂಟ್‌ಮೆಂಟ್ ತಡವಾಯಿತೆಂದು ವಿದ್ಯಾರ್ಥಿಗೆ ದಂಡ ಹಾಕಿದ್ದನ್ನು ನಾನು ಕಂಡಿಲ್ಲ. ಇದಕ್ಕಾಗಿ ವೀಸಾ ರದ್ದಾಗುತ್ತದೆ ಎನ್ನುವುದು ಸುಮ್ನೆ ಹೆದರಿಸುವ ಮಾತು.

ವೀಸಾ ವಿಷಯದಲ್ಲಿ ಗಮನ ಇಡಬೇಕಾದ ದಿನಾಂಕ ಬೇರೆ ಇದೆ. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾ ಯಾವತ್ತು ಮುಗಿಯುತ್ತದೆ ಎಂದು ಈಗಲೇ ನೋಡಿ. ಆ ದಿನಕ್ಕಿಂತ ಮುಂಚೆ ವಾಸ ಪರವಾನಗಿಗೆ ಅರ್ಜಿ ಹೋಗಿರಲೇಬೇಕು. ಸಮಯಕ್ಕೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವ ತನಕ ನೀವು ಇಲ್ಲಿ ಕಾನೂನುಬದ್ಧವಾಗಿಯೇ ಇರುತ್ತೀರಿ. ವೀಸಾ ಮುಗಿದ ಮರುದಿನ ಹಾಕಿದರೆ ಮಾತ್ರ ನಿಜವಾದ ತೊಂದರೆ. ಆ ದಿನಾಂಕಕ್ಕೆ ಎರಡು ತಿಂಗಳು ಮುಂಚೆ ಮೊಬೈಲ್‌ನಲ್ಲಿ ಅಲಾರಂ ಇಡಿ.

ಸ್ಪೇನ್‌ನ ಮಾಲೀಕರು ಮತ್ತು 300 ಯೂರೋ ವಿಳಾಸ

ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ ಸುಮಾರು 800 ಯೂರೋ ಬಾಡಿಗೆ. ವಿಶ್ವವಿದ್ಯಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದ ಶ್ವಾಬಿಂಗ್‌ನಲ್ಲಿ 650ಕ್ಕೆ ಪೂರ್ತಿ ಮನೆ ಎಂದರೆ ನಂಬುವ ಮಾತಲ್ಲ. ಮಾಲೀಕರು ಪರದೇಶದಲ್ಲಿ, ಕೀ ಕೊರಿಯರ್‌ನಲ್ಲಿ, ದುಡ್ಡು ಮೊದಲು. ನನ್ನ ಬಳಿ ಬಂದ ಮೋಸದ ಕಥೆಗಳೆಲ್ಲ ಇದೇ ಮೂರು ಸಾಲಿನಲ್ಲಿವೆ. ದೇಶ ಮಾತ್ರ ಬದಲಾಗುತ್ತದೆ. ಪಾಸ್‌ಪೋರ್ಟ್ ಪ್ರತಿ ನೋಡಿ ನಂಬಬೇಡಿ. ಅದು ಹೆಚ್ಚಾಗಿ ಹಿಂದೆ ಮೋಸ ಹೋದ ಇನ್ಯಾರದೋ ಪಾಸ್‌ಪೋರ್ಟ್ ಆಗಿರುತ್ತದೆ. ಅದಕ್ಕೇ ನಿಮ್ಮದನ್ನೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಪೊಲೀಸರಿಗೆ ಒಂದು ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಹೆಸರಿನಲ್ಲಿ ಯಾರಾದರೂ ಮೋಸ ಮಾಡಿದರೆ ಅದು ಬೇಕಾಗುತ್ತದೆ.

ನಿಜವಾದ ಮಾಲೀಕರೂ ಮುಂಗಡ ಕೇಳುತ್ತಾರೆ, ಅದು ಸರಿ. ಆದರೆ ಅದಕ್ಕೆ ಮಿತಿ ಇದೆ. ನೀರು, ಹೀಟಿಂಗ್ ಖರ್ಚು ಬಿಟ್ಟ ಬರೀ ಬಾಡಿಗೆಯ ಮೂರು ತಿಂಗಳಿನಷ್ಟು ಮಾತ್ರ ಕೇಳಬಹುದು. ಅದನ್ನೂ ತಿಂಗಳಿಗೊಂದರಂತೆ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ರೂಮನ್ನು ಕಣ್ಣಾರೆ ನೋಡಬೇಕು, ಕರಾರಿಗೆ ಸಹಿ ಆಗಬೇಕು, ಆಮೇಲೆ ದುಡ್ಡು. ಈ ಕ್ರಮ ತಪ್ಪಿಸಬೇಡಿ. ನೋಡಲು ಹಗಲಿನಲ್ಲಿ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಯಾರೂ ಸಿಗದಿದ್ದರೆ ಗೊತ್ತಿರುವ ಒಬ್ಬರಿಗೆ ಲೊಕೇಶನ್ ಕಳಿಸಿ ಹೋಗಿ.

ಬರೀ ವಿಳಾಸ ಮಾರುವವರ ವಿಷಯ ಇನ್ನೂ ಗಂಭೀರ. ವಾಸ ಇಲ್ಲದ ಕಡೆ ವಿಳಾಸ ಕೊಟ್ಟವರಿಗೆ 50,000 ಯೂರೋ ತನಕ ದಂಡ ಹಾಕಲು ಕಾನೂನಿದೆ. ಸುಳ್ಳು ನೋಂದಣಿ ಮಾಡಿಸಿಕೊಂಡವರೂ ತಪ್ಪಿತಸ್ಥರೇ. ಆಗ ನೀವು ಹೆದರುತ್ತಿದ್ದ ದಂಡ ನಿಜವಾಗಿಯೂ ಬರಬಹುದು. ಇದರ ಜೊತೆಗೆ ನಿಮ್ಮ ತೆರಿಗೆ ಸಂಖ್ಯೆ, ಬ್ಯಾಂಕ್ ಪಿನ್, ವಲಸೆ ಕಚೇರಿಯ ಪತ್ರ ಎಲ್ಲ ಅಪರಿಚಿತರ ಅಂಚೆ ಪೆಟ್ಟಿಗೆಗೆ ಬೀಳುತ್ತವೆ. ಅವರು ಅದನ್ನು ಕೊಡದಿದ್ದರೆ ಯಾರಿಗೆ ದೂರು ಹೇಳುತ್ತೀರಿ?

ಹಾಗಾದರೆ ರೂಮು ಎಲ್ಲಿ?

ಉತ್ತರ ಬರದಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನೀವು ಬಂದ ಹೊತ್ತೇ ಅಂಥದ್ದು. ಈ ಊರಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ತಲಾ 50 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳಿದ್ದಾರೆ. ಹೊಸಬರೆಲ್ಲ ಅಕ್ಟೋಬರ್ ಆಸುಪಾಸಿನಲ್ಲೇ ರೂಮು ಹುಡುಕುತ್ತಾರೆ. ಸ್ಟುಡೆಂಟನ್‌ಸ್ಟಾಟ್ ಎಂಬ ದೊಡ್ಡ ವಿದ್ಯಾರ್ಥಿ ವಸತಿ ಸಂಕೀರ್ಣದಲ್ಲಿ 2021ರಲ್ಲಿ ಬೆಂಕಿ ಬಿತ್ತು. ಆಮೇಲೆ ಅಲ್ಲಿನ ದೊಡ್ಡ ಕಟ್ಟಡಗಳನ್ನು ಖಾಲಿ ಮಾಡಿಸಿದರು. ಆ ಕೊರತೆ ಊರಿಗೆ ಬಲವಾಗಿಯೇ ತಟ್ಟಿತು. ಸಾಲದ್ದಕ್ಕೆ ನೀವು ಬಂದದ್ದು ಅಕ್ಟೋಬರ್‌ಫೆಸ್ಟ್ ನಡೆಯುವಾಗ. ಆ ಜಾತ್ರೆ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ವಾರ ಮುಗಿಯುತ್ತದೆ. ಅಷ್ಟು ದಿನ ಹಾಸ್ಟೆಲ್ ಮಂಚಕ್ಕೂ ಬೆಂಕಿ ಬೆಲೆ. ಈಗ ಇಳಿದಿರುತ್ತದೆ. ಬೇರೆ ಹಾಸ್ಟೆಲ್‌ಗಳ ದರವನ್ನು ಇವತ್ತೇ ಒಮ್ಮೆ ನೋಡಿ.

ನಿಮಗೆ ಸದ್ಯಕ್ಕೆ ಹೊಂದುವ ದಾರಿ ಒಳಬಾಡಿಗೆ ಎಂದು ನನಗನ್ನಿಸುತ್ತದೆ. ಸೆಮಿಸ್ಟರ್ ಶುರುವಾದಾಗ ಇಲ್ಲಿನ ಎಷ್ಟೋ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೋ ಬೇರೆ ದೇಶಕ್ಕೋ ಹೋಗುತ್ತಾರೆ. ತಮ್ಮ ಕೋಣೆಯನ್ನು ಮೂರರಿಂದ ಆರು ತಿಂಗಳ ಮಟ್ಟಿಗೆ ಬಿಟ್ಟು ಕೊಡುತ್ತಾರೆ. ಇದಕ್ಕೆ ಪೈಪೋಟಿ ಸ್ವಲ್ಪ ಕಡಿಮೆ. ‘ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತದಾ?’ ಎಂದು ಮೊದಲ ಸಂದೇಶದಲ್ಲೇ ಕೇಳಿ. ಮೂಲ ಬಾಡಿಗೆದಾರರೇ ಆ ಫಾರ್ಮ್‌ಗೆ ಸಹಿ ಹಾಕಬಹುದು. ಆದರೆ ಮನೆ ಮಾಲೀಕರ ಒಪ್ಪಿಗೆ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ಒಪ್ಪಿಗೆ ಇಲ್ಲದ ಒಳಬಾಡಿಗೆಯಲ್ಲಿ ಮಧ್ಯದಲ್ಲೇ ಎಬ್ಬಿಸುವ ಅಪಾಯ ಇದೆ.

ಬರೆಯುವ ರೀತಿಯನ್ನೂ ಬದಲಿಸಿ ನೋಡಿ. ಒಂದೇ ಇಂಗ್ಲಿಷ್ ಸಂದೇಶವನ್ನು ಎಲ್ಲರಿಗೂ ಕಳಿಸಿದರೆ ಅದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಹಂಚಿಕೊಂಡ ಮನೆಯವರು ಹುಡುಕುವುದು ಜೊತೆಗೆ ಬಾಳುವ ವ್ಯಕ್ತಿಯನ್ನು. ಜಾಹೀರಾತಿನಲ್ಲಿ ಅವರು ಬರೆದ ಒಂದು ವಿಷಯವನ್ನು ಎತ್ತಿ ಮಾತಾಡಿ. ಬೆಟ್ಟ ಹತ್ತುತ್ತೇವೆ ಎಂದಿದ್ದರೆ ಚಿತ್ರದುರ್ಗದ ಕೋಟೆ ಹತ್ತಿ ಬೆಳೆದವಳು ಎಂದು ಹೇಳಿ. ಅಡುಗೆ ಇಷ್ಟ ಎಂದಿದ್ದರೆ ಯಾವ ಅಡುಗೆ ಮಾಡುತ್ತೀರಿ ಎಂದು ಹೇಳಿ. ಮೊದಲ ಎರಡು ಸಾಲು ಜರ್ಮನ್‌ನಲ್ಲಿರಲಿ, ತಪ್ಪಿದ್ದರೂ ಪರವಾಗಿಲ್ಲ. ಎಷ್ಟು ತಿಂಗಳಿಗೆ ಬೇಕು, ಯಾವತ್ತಿನಿಂದ ಬೇಕು, ತಿಂಗಳ ದುಡ್ಡು ಎಲ್ಲಿಂದ ಬರುತ್ತದೆ ಎಂದು ಸ್ಪಷ್ಟವಾಗಿ ಹೇಳಿ. ಜಾಹೀರಾತು ಬಂದ ಮೊದಲ ಗಂಟೆಯಲ್ಲಿ ಬರೆದವರನ್ನೇ ಹೆಚ್ಚಾಗಿ ಕರೆಯುತ್ತಾರೆ. ವಿದೇಶಿ ಹೆಸರಿಗೆ ಉತ್ತರ ಕಡಿಮೆ ಬರುತ್ತದೆ ಎನ್ನುವುದು ಸುಳ್ಳಲ್ಲ. ಆ ಬೇಸರ ನನಗೂ ಇದೆ. ಅದನ್ನು ನೀವೊಬ್ಬರೇ ಸರಿಮಾಡಲು ಆಗುವುದಿಲ್ಲ. ಆದರೆ ಒಳ್ಳೆಯ ಸಂದೇಶದಿಂದ ಆ ಅಂತರ ಸ್ವಲ್ಪವಾದರೂ ತಗ್ಗುತ್ತದೆ.

ಊರಾಚೆಗೂ ನೋಡಿ. ಫ್ರೈಸಿಂಗ್, ಡಾಖೌ, ಎರ್ಡಿಂಗ್ ಕಡೆಗೆ ಲೋಕಲ್ ರೈಲು ಇದೆ. ಔಗ್ಸ್‌ಬುರ್ಗ್ ಬೇರೆಯೇ ನಗರವಾದರೂ ರೀಜನಲ್ ರೈಲಿನಲ್ಲಿ ಮುಕ್ಕಾಲು ಗಂಟೆ ಮಾತ್ರ, ಬಾಡಿಗೆ ಮ್ಯೂನಿಕ್‌ಗಿಂತ ಎಷ್ಟೋ ಕಡಿಮೆ. ದೇಶವಿಡೀ ಲೋಕಲ್ ರೈಲು, ಬಸ್ಸುಗಳಿಗೆ ನಡೆಯುವ ಡಾಯ್ಚ್‌ಲಾಂಡ್‌ಟಿಕೆಟ್ ಅಲ್ಲಿಗೂ ಸಾಕು. ವಿದ್ಯಾರ್ಥಿಗಳಿಗೆ ರಿಯಾಯಿತಿ ದರವೂ ಇದೆ. ಒಂದು ವಿಷಯ ನೆನಪಿರಲಿ: ಮ್ಯೂನಿಕ್ ನಗರದ ಆಚೆ ನೋಂದಣಿ ಮಾಡಿಸಿದರೆ ನಿಮ್ಮ ವಲಸೆ ಕಚೇರಿಯೂ ಅಲ್ಲಿಯದೇ ಆಗುತ್ತದೆ. ಸಣ್ಣ ಊರಿನ ಕಚೇರಿಗಳಲ್ಲಿ ಅಪಾಯಿಂಟ್‌ಮೆಂಟ್ ಬೇಗ ಸಿಗುವುದನ್ನು ನೋಡಿದ್ದೇನೆ.

ಸರ್ಕಾರಿ ವಿದ್ಯಾರ್ಥಿ ವಸತಿಗೆ ಅರ್ಜಿ ಹಾಕಿಲ್ಲದಿದ್ದರೆ ಇವತ್ತೇ ಹಾಕಿ. ಸರದಿ ಉದ್ದ ಇದೆ, ಈ ಸೆಮಿಸ್ಟರ್‌ಗೆ ಸಿಗುವುದು ಕಷ್ಟ, ಆದರೆ ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ಚರ್ಚ್ ಮತ್ತು ಟ್ರಸ್ಟ್‌ಗಳು ನಡೆಸುವ ವಸತಿಗಳೂ ಇವೆ. ಧರ್ಮ ಕೇಳದೆ ತೆಗೆದುಕೊಳ್ಳುವ ಕಡೆಗಳೂ ಇವೆ. ಹುಡುಗಿಯರಿಗೇ ಮೀಸಲಾದವೂ ಇವೆ. ಮ್ಯೂನಿಕ್‌ನಲ್ಲಿ ಕನ್ನಡ ಕುಟುಂಬಗಳು ಸಾಕಷ್ಟಿವೆ, ಕನ್ನಡ ಕೂಟವೂ ಇದೆ. ಅಲ್ಲಿ ಮುಜುಗರ ಪಡದೆ ಕೇಳಿ. ಯಾರದಾದರೂ ಮನೆಯಲ್ಲಿ ಒಂದೆರಡು ತಿಂಗಳು ನಿಜವಾಗಿ ವಾಸ ಇದ್ದರೆ, ಅವರ ಮಾಲೀಕರು ಒಪ್ಪಿದರೆ, ಅಲ್ಲೇ ನೋಂದಣಿಯೂ ಆಗುತ್ತದೆ.

ಮನೆ ಸಿಕ್ಕ ದಿನವೇ ಒಂದು ಕೆಲಸ ಮಾಡಿ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಇಲ್ಲ, ಪೋಸ್ಟ್‌ಮನ್ ಪೆಟ್ಟಿಗೆ ಮೇಲಿನ ಹೆಸರು ನೋಡಿಯೇ ಕಾಗದ ಹಾಕುತ್ತಾನೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಇನಿಷಿಯಲ್ ವಿಸ್ತರಿಸಿ ಅಪ್ಪನ ಹೆಸರು ಸರ್‌ನೇಮ್ ಆಗಿದ್ದರೆ ಅದನ್ನೂ ಸೇರಿಸಿ, ಯಾಕೆಂದರೆ ಕಚೇರಿಯವರು ಅಪ್ಪನ ಹೆಸರಿಗೇ ಪತ್ರ ಬರೆಯುತ್ತಾರೆ. ಹೆಸರಿಲ್ಲದ ಪೆಟ್ಟಿಗೆಯಿಂದ ಕಾಗದ ವಾಪಸ್ ಹೋಗುತ್ತದೆ. ತೆರಿಗೆ ಸಂಖ್ಯೆ ಬರಲಿಲ್ಲ ಎಂದು ಅಲೆಯುವ ನಮ್ಮ ಹುಡುಗರಲ್ಲಿ ಹೆಚ್ಚಿನವರ ಕಥೆ ಇದೇ. ಆಮೇಲೆ ರೇಡಿಯೋ–ಟಿವಿ ಶುಲ್ಕ ಕೇಳಿ ಒಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಅದು ಮೋಸ ಅಲ್ಲ, ಹರಿದು ಹಾಕಬೇಡಿ. ಮನೆಗೆ ಒಂದೇ ಶುಲ್ಕ, ಜೊತೆಗಿರುವವರೊಂದಿಗೆ ಹಂಚಿಕೊಳ್ಳಬಹುದು.

ದುಡ್ಡು

ಬ್ಲಾಕ್ಡ್ ಅಕೌಂಟ್‌ನವರಿಗೆ ಇವತ್ತೇ ಇಮೇಲ್ ಮಾಡಿ, ಬಿಡುಗಡೆಗೆ ಯಾವ ಯಾವ ಕಾಗದ ಬೇಕು ಎಂದು ಕೇಳಿ. ಕೆಲವರಿಗೆ ಒಂದು ಬ್ಯಾಂಕ್ ಖಾತೆ ಇದ್ದರೆ ಸಾಕು, ಕೆಲವರು ನೋಂದಣಿ ಪತ್ರ ಕೇಳುತ್ತಾರೆ. ಆನ್‌ಲೈನ್ ಬ್ಯಾಂಕ್‌ಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ವಿಡಿಯೋದಲ್ಲೇ ಖಾತೆ ತೆರೆಯುವ ಅವಕಾಶ ಇರಬಹುದು, ವಿಚಾರಿಸಿ. ತಿಂಗಳಿಗೆ ಬಿಡುಗಡೆಯಾಗುವ 992 ಯೂರೋ ಮ್ಯೂನಿಕ್‌ಗೆ ಬಿಗಿ ಎನ್ನುವುದನ್ನು ಈಗಲೇ ಒಪ್ಪಿಕೊಳ್ಳಿ. 800 ಬಾಡಿಗೆ, ವಿದ್ಯಾರ್ಥಿ ವಿಮೆಗೆ 140–150 ಕಳೆದರೆ ಉಳಿಯುವುದು ಐವತ್ತು ಯೂರೋ ಆಸುಪಾಸು ಮಾತ್ರ. ಅದಕ್ಕೇ ಊರಾಚೆಯ ರೂಮಿನ ಬಗ್ಗೆ ಅಷ್ಟು ಹೇಳಿದ್ದು. ಪಾರ್ಟ್‌ಟೈಮ್ ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾಡಬಹುದು. ಆದರೆ ಮೊದಲ ತಿಂಗಳಲ್ಲೇ ಕೆಲಸ ಹುಡುಕಿ ಅಲೆಯಬೇಡಿ. ವಿಭಾಗದೊಳಗೇ ಸಹಾಯಕರ ಕೆಲಸಗಳಿರುತ್ತವೆ, ಒಂದೆರಡು ತಿಂಗಳು ಪ್ರಾಧ್ಯಾಪಕರ ಪರಿಚಯ ಆದ ಮೇಲೆ ಕೇಳಿ.

ಕ್ಯಾಷಿಯರ್, ಕ್ಲಾಸು, ಅಕ್ಕಿ

ಕ್ಯಾಷಿಯರ್ ಸಿಡುಕಿದ್ದು ನಿಮ್ಮ ಮೈಬಣ್ಣಕ್ಕಾ ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ನೀವು ಕೇಳಲು ಹಿಂಜರಿದಿದ್ದೀರಿ. ಇಲ್ಲಿನ ಅಗ್ಗದ ಅಂಗಡಿಗಳಲ್ಲಿ ಕ್ಯಾಷಿಯರ್‌ಗಳು ಎಲ್ಲರ ಮೇಲೂ ಹಾಗೇ. ಸಾಮಾನನ್ನು ಭರಭರ ಸ್ಕ್ಯಾನ್ ಮಾಡಿ ತಳ್ಳುತ್ತಾರೆ. ಅದನ್ನು ಅಲ್ಲೇ ನಿಂತು ಚೀಲಕ್ಕೆ ಜೋಡಿಸಬಾರದು. ಹಾಗೇ ಗಾಡಿಗೆ ತುಂಬಿಕೊಂಡು, ದುಡ್ಡು ಕೊಟ್ಟು, ಪಕ್ಕದ ಕಟ್ಟೆಗೆ ಹೋಗಿ ನಿಧಾನವಾಗಿ ಜೋಡಿಸಬೇಕು. ಮುಂದಿನ ಸಲ ಹಾಗೆ ಮಾಡಿ ನೋಡಿ. ಆಗಲೂ ಯಾರಾದರೂ ನಿಮ್ಮ ಬಣ್ಣ, ಉಡುಪು, ದೇಶದ ಬಗ್ಗೆ ಮಾತಾಡಿದರೆ ಅದು ಬೇರೆ ವಿಷಯ. ಅದನ್ನು ನುಂಗಿಕೊಳ್ಳಬೇಕಿಲ್ಲ. ವಿಶ್ವವಿದ್ಯಾಲಯದಲ್ಲಿ ತಾರತಮ್ಯದ ದೂರು ಕೇಳುವವರು ಇದ್ದಾರೆ. ದಿನಾಂಕ, ಸ್ಥಳ ಬರೆದಿಟ್ಟುಕೊಂಡು ಹೇಳಿ.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ಉಳಿದ ದಿನ ಈ ರಾಜ್ಯದಲ್ಲಿ ರಾತ್ರಿ 8ಕ್ಕೆ ಬಾಗಿಲು. ಶನಿವಾರವೇ ಹಾಲು, ತರಕಾರಿ ತಂದಿಡಿ. ತಪ್ಪಿದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ, ಬೆಲೆ ಜಾಸ್ತಿ.

ನೀವು ತಂದ ಅಕ್ಕಿಯ ಪೊಟ್ಟಣ ತಿರುಗಿಸಿ ನೋಡಿ. ಅದರ ಮೇಲೆ ‘ಮಿಲ್ಷ್‌ರೈಸ್’ ಎಂದಿರಬೇಕು. ಅದು ಪಾಯಸಕ್ಕೆ ಅಂತಲೇ ಇರುವ ಗುಂಡಕ್ಕಿ. ಎಷ್ಟು ಹದ ಮಾಡಿದರೂ ಉದುರಾಗುವುದಿಲ್ಲ. ತಪ್ಪು ನಿಮ್ಮ ಅಡುಗೆಯದಲ್ಲ. ಬಾಸ್ಮತಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು ಬೇಕೆಂದರೆ ಭಾರತೀಯ, ಏಷ್ಯನ್ ಅಂಗಡಿಗಳಿಗೆ ಹೋಗಬೇಕು. ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ, ಗೋಯೆಟೆಸ್ಟ್ರಾಸೆ ಸುತ್ತಮುತ್ತ ಟರ್ಕಿ ಅಂಗಡಿಗಳ ಸಾಲೇ ಇದೆ. ಕೊತ್ತಂಬರಿ, ಬೆಂಡೆಕಾಯಿ, ಹಸಿಮೆಣಸು ಅಲ್ಲಿ ಸಿಗುತ್ತವೆ. ಮೊಸರಿಗೆ 3.5 ಪರ್ಸೆಂಟ್ ಕೊಬ್ಬಿನ ‘ನಾಟೂರ್‌ಯೋಗುರ್ಟ್’ ತನ್ನಿ. ‘ಕ್ವಾರ್ಕ್’ ಎಂಬ ಬಿಳಿ ಡಬ್ಬಿ ಮೊಸರಲ್ಲ, ಅದರಲ್ಲಿ ಮೊಸರನ್ನ ಕಲಸಿದರೆ ಇನ್ನೊಂದು ಸಲ ಅಳು ಬರುತ್ತದೆ. ಅಮ್ಮನಿಗೆ ತುಪ್ಪ, ಪೇಡ ಪಾರ್ಸೆಲ್ ಮಾಡಬೇಡಿ ಎಂದು ಹೇಳಿ. ಹಾಲಿನ ಪದಾರ್ಥ, ಮಾಂಸ ಹೊರದೇಶದಿಂದ ಯುರೋಪಿಯನ್ ಒಕ್ಕೂಟಕ್ಕೆ ತರಿಸುವಂತಿಲ್ಲ, ಕಸ್ಟಮ್ಸ್‌ನವರು ಎಸೆಯುತ್ತಾರೆ. ಉಪ್ಪಿಲ್ಲದ 250 ಗ್ರಾಂ ಬೆಣ್ಣೆ ತಂದು ನೀವೇ ಕಾಯಿಸಿ. ಇಲ್ಲಿನ ಬೆಣ್ಣೆಯ ತುಪ್ಪ ಘಮ್ಮೆನ್ನುತ್ತದೆ. ಸಾಂಬಾರ್ ಪುಡಿ, ಚಟ್ನಿಪುಡಿ ಕಳಿಸಲಿ, ಅದಕ್ಕೆ ತೊಂದರೆ ಇಲ್ಲ.

ಅಕ್ಕಿ, ಮೊಸರಿನ ಬಗ್ಗೆ ಇಷ್ಟುದ್ದ ಯಾಕೆ ಎನ್ನಬೇಡಿ. ಹೊಟ್ಟೆಗೆ ಒಗ್ಗಿದ ಊಟ ದಿನಕ್ಕೊಮ್ಮೆ ಸಿಕ್ಕವರು ಬೇಗ ಸುಧಾರಿಸಿಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಕ್ಲಾಸಿನವರು ಬ್ರೇಕ್‌ನಲ್ಲಿ ಜರ್ಮನ್ ಮಾತಾಡುವುದು ನಿಮ್ಮನ್ನು ದೂರ ಇಡಲು ಅಲ್ಲ. ನಾಲ್ಕು ಜನ ಕನ್ನಡಿಗರು ಸೇರಿದರೆ ನಾವೂ ಕನ್ನಡದಲ್ಲೇ ಶುರು ಮಾಡುತ್ತೇವೆ, ಅಲ್ವಾ? ಇಲ್ಲಿಯವರು ತಾವಾಗಿ ಬಂದು ಮಾತಾಡಿಸುವುದು ಕಡಿಮೆ. ಆದರೆ ನೇರವಾಗಿ ಕೇಳಿದರೆ ನೇರವಾಗಿ ಸಹಾಯ ಮಾಡುತ್ತಾರೆ. ‘ಈ ಅಸೈನ್‌ಮೆಂಟ್ ಜೊತೆಗೆ ಮಾಡೋಣವಾ? ಗುರುವಾರ ಊಟದ ಹೊತ್ತಿಗೆ ಮೆನ್ಸಾದಲ್ಲಿ?’ ಎಂದು ದಿನ, ಜಾಗ ಹೇಳಿ ಕೇಳಿ. ಮೆನ್ಸಾ ಎಂದರೆ ವಿದ್ಯಾರ್ಥಿಗಳ ಊಟದ ಮನೆ. ಊರಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆಂದೇ ಇರುವ ಕ್ರೀಡಾ ಕೇಂದ್ರವೂ ಇದೆ. ಬ್ಯಾಡ್ಮಿಂಟನ್, ಯೋಗ, ಈಜು ಎಲ್ಲ ಕಡಿಮೆ ಶುಲ್ಕಕ್ಕೆ. ವಾರ ವಾರ ಅದೇ ಮುಖಗಳು ಸಿಗುವ ಜಾಗ ಹುಡುಕಿಕೊಳ್ಳಿ. ಒಂದು ದಿನದ ವೆಲ್ಕಂ ಪಾರ್ಟಿಯಿಂದ ಸ್ನೇಹ ಹುಟ್ಟುವುದನ್ನು ನಾನು ಕಂಡಿದ್ದು ಕಡಿಮೆ.

ನಿದ್ದೆ, ಅಳು, ಅಮ್ಮನ ಫೋನು

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯ ವಿದ್ಯಾರ್ಥಿ ಯೋಹಾನೆಸ್ ಹೋಫರ್ 1688ರಲ್ಲಿ ಮನೆ ನೆನಪಿನ ಕೊರಗನ್ನು ಒಂದು ಕಾಯಿಲೆ ಎಂದೇ ವಿವರಿಸಿ ಪ್ರಬಂಧ ಬರೆದ. ಅವನು ಕೊಟ್ಟ ಮೊದಲ ಉದಾಹರಣೆ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗನದು. ಎರಡು ಊರಿನ ನಡುವೆ ಸುಮಾರು 100 ಕಿಲೋಮೀಟರ್, ಅಷ್ಟೇ. ಆ ಹುಡುಗ ಊಟ ಬಿಟ್ಟು, ಜ್ವರ ಬಂದು ಸೊರಗಿದ್ದ. ಊರಿಗೆ ಕರೆದುಕೊಂಡು ಹೊರಟಾಗ ದಾರಿಯಲ್ಲೇ ಚೇತರಿಸಿಕೊಂಡ. ಇದು ಕಾಯಿಲೆ ಅಲ್ಲ ಎಂದು ಈಗ ನಮಗೆ ಗೊತ್ತು. ಆದರೆ ಮೈಮೇಲೆ ಪರಿಣಾಮ ಆಗುತ್ತದೆ ಎನ್ನುವುದು ನಿಜ. ಹಸಿವು, ನಿದ್ದೆ, ಏಕಾಗ್ರತೆ ಮೂರಕ್ಕೂ ಪೆಟ್ಟು ಬೀಳುತ್ತದೆ. ಧೈರ್ಯವಂತರಿಗೂ ಬೀಳುತ್ತದೆ. ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲಿ ಇಳಿಯುತ್ತದೆ. ಒಂದೇ ಸಮ ಇಳಿಯುವುದಿಲ್ಲ. ಚೆನ್ನಾಗಿದ್ದ ವಾರದ ಮಧ್ಯೆ, ದೀಪಾವಳಿ ದಿನ ಮತ್ತೆ ಅಳು ಬರಬಹುದು.

ನಿಮ್ಮ ನಿದ್ದೆಗೆ ಆರು ಜನರ ಕೋಣೆಯೂ ಒಂದು ಕಾರಣ. ಕಿವಿಗೆ ಹಾಕುವ ಫೋಮ್ ಬಿರಡೆ ಡ್ರಗ್‌ಸ್ಟೋರ್‌ನಲ್ಲಿ ಒಂದೆರಡು ಯೂರೋಗೆ ಸಿಗುತ್ತದೆ. ಇನ್ನೊಂದು ಕಾರಣ ಫೋನ್ ಎಂದು ನನ್ನ ಊಹೆ. ಮಲಗುವ ಮುಂಚೆ ಅಮ್ಮನ ಹತ್ತಿರ ಮಾತಾಡಿ, ಎಲ್ಲ ಚೆನ್ನಾಗಿದೆ ಎಂದು ನಟಿಸಿ, ಫೋನ್ ಇಟ್ಟು ಕತ್ತಲಲ್ಲಿ ಒಬ್ಬರೇ ಉಳಿಯುತ್ತೀರಿ. ಆ ಕರೆಯನ್ನು ಮಧ್ಯಾಹ್ನಕ್ಕೆ ತನ್ನಿ. ಇಲ್ಲಿ ಎರಡು ಗಂಟೆ ಎಂದರೆ ಊರಲ್ಲಿ ಸಂಜೆ ಐದೂವರೆ, ಕಾಫಿ ಹೊತ್ತು. ಮಾತು ಮುಗಿದ ಮೇಲೆ ನಿಮಗೆ ಹೋಗಲು ಒಂದು ಕ್ಲಾಸ್ ಇರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ವ್ಯತ್ಯಾಸ ನಾಲ್ಕೂವರೆ ಗಂಟೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗಿಂತ ಮುಂಚೆಯೇ ಮುಳುಗುತ್ತಾನೆ. ಈಗಿನಿಂದಲೇ ಬೆಳಕಿರುವಾಗ ದಿನಾ ಅರ್ಧ ಗಂಟೆ ಹೊರಗೆ ನಡೆಯುವ ರೂಢಿ ಮಾಡಿಕೊಳ್ಳಿ.

ಅಮ್ಮ ಅಪ್ಪನಿಗೆ ನಿಜ ಹೇಳಿ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ‘ರೂಮು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ, ಸುರಕ್ಷಿತವಾಗಿದ್ದೇನೆ, ಈ ತಿಂಗಳು ಸ್ವಲ್ಪ ದುಡ್ಡು ಬೇಕಾಗಬಹುದು’ ಎಂದರೆ ಸಾಕು. ಮನೆ ಅಡ ಇಟ್ಟ ಅಪ್ಪನಿಗೆ ಈ ಮಾತು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಅವರಿಗೆ ಗೊತ್ತಾಗದಿರಲಿ ಎಂಬ ಆತುರದಲ್ಲೇ ಮಕ್ಕಳು ಸ್ಪೇನ್‌ನ ಮಾಲೀಕರಿಗೆ ದುಡ್ಡು ಕಳಿಸುತ್ತಾರೆ.

ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕ್ಲಾಸಿಗೆ ಹೋಗಲು ಕಾಲೇ ಬಾರದಿದ್ದರೆ, ಅದನ್ನು ಮನೆ ನೆನಪು ಎಂದು ಸಹಿಸಿಕೊಂಡು ಕೂರಬೇಡಿ. ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮಾನಸಿಕ ಆಪ್ತಸಲಹೆ ಸಿಗುತ್ತದೆ, ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಅಲ್ಲಿ ಹೇಳಿದ್ದು ವಿಭಾಗಕ್ಕೂ ವಲಸೆ ಕಚೇರಿಗೂ ಹೋಗುವುದಿಲ್ಲ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ, ಕೂಡಲೇ 112ಕ್ಕೆ ಕರೆ ಮಾಡಿ. ಮಾತಾಡಲು ಯಾರಾದರೂ ಬೇಕೆಂದರೆ 0800 1110111, ಹಗಲು ರಾತ್ರಿ ಉಚಿತ. ತುರ್ತಲ್ಲದ ಕಾಯಿಲೆಗೆ, ವೈದ್ಯರ ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ 116117.

ವಾಪಸ್ ಬರುವುದು

ಅದು ತಪ್ಪಲ್ಲ, ಅವಮಾನವೂ ಅಲ್ಲ. ಯೋಚಿಸಿ ವಾಪಸ್ ಹೋಗಿ ಚೆನ್ನಾಗಿರುವವರು ನನಗೆ ಗೊತ್ತು. ಆದರೆ ಹಾಸ್ಟೆಲ್ ಮಂಚದ ಮೇಲೆ, ನಿದ್ದೆಗೆಟ್ಟು, ವಿಳಾಸ ಇಲ್ಲದೆ ಇರುವಾಗ ಆ ತೀರ್ಮಾನ ಬೇಡ. ಯಾಕೆಂದರೆ ಅದಕ್ಕೂ ಬೆಲೆ ಇದೆ. ಪ್ರವೇಶ ರದ್ದು ಮಾಡಿದರೆ ಓದಿಗಾಗಿ ಕೊಟ್ಟ ವೀಸಾಗೆ ಆಧಾರ ಇಲ್ಲವಾಗುತ್ತದೆ, ಮತ್ತೆ ಮೊದಲಿನಿಂದ ಅರ್ಜಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ. ಓದು ಮಧ್ಯದಲ್ಲಿ ಬಿಟ್ಟರೆ ಆ ಸಮಯ ಸಿಗದೇ ಹೋಗಬಹುದು. ನಿಮ್ಮ ಸಾಲದ ಪತ್ರದಲ್ಲಿ ಏನಿದೆ ಎಂದು ಅಪ್ಪನ ಹತ್ತಿರ ಓದಿಸಿ ಕೇಳಿ. ಬ್ಲಾಕ್ಡ್ ಅಕೌಂಟಿನಲ್ಲಿ ಉಳಿದ ದುಡ್ಡು ವಾಪಸ್ ಬರುತ್ತದೆ, ಅದಕ್ಕೂ ಕಾಗದ, ಸಮಯ ಬೇಕು. ಒಂದು ಸೆಮಿಸ್ಟರ್ ರಜೆ ತೆಗೆದುಕೊಳ್ಳುವ ವ್ಯವಸ್ಥೆ ಇದೆ, ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಸಿಗುವುದು ಕಷ್ಟ.

ಓದು ಬಿಟ್ಟು ಹೋಗುವುದು, ಊರು ನೋಡದೆ ಇಲ್ಲೇ ಉಳಿಯುವುದು, ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಪಾಠಗಳು ಫೆಬ್ರವರಿ ಮೊದಲ ಭಾಗದಲ್ಲಿ ಮುಗಿಯುತ್ತವೆ, ಆಮೇಲೆ ಪರೀಕ್ಷೆ. ಮುಂದಿನ ಪಾಠ ಏಪ್ರಿಲ್ ಮಧ್ಯದಲ್ಲಿ. ಮಾರ್ಚ್‌ನಲ್ಲಿ ಊರಿಗೆ ಹೋಗಿ ಬರುವುದು ಎಂದು ಈಗಲೇ ಅಂದುಕೊಳ್ಳಿ. ಹೊರಡುವ ಮುಂಚೆ ವಾಸ ಪರವಾನಗಿ ಕೈಗೆ ಬಂದಿದೆಯಾ, ಇಲ್ಲದಿದ್ದರೆ ವಲಸೆ ಕಚೇರಿಯ ತಾತ್ಕಾಲಿಕ ಪತ್ರ ಮರಳಿ ಬರಲು ನಡೆಯುತ್ತದಾ ಎಂದು ಖಚಿತ ಮಾಡಿಕೊಂಡೇ ಟಿಕೆಟ್ ತೆಗೆಯಿರಿ. ರೂಮು ಸಿಕ್ಕು, ಒಂದಷ್ಟು ವಾರ ಸರಿಯಾಗಿ ನಿದ್ದೆ ಮಾಡಿದ ಮೇಲೂ ಡಿಸೆಂಬರ್ ಮಧ್ಯದಲ್ಲಿ ಇದೇ ಪ್ರಶ್ನೆ ಉಳಿದಿದ್ದರೆ, ಆಗ ಸಾಲದ ಪತ್ರ, ವೀಸಾ ದಿನಾಂಕ, ವಿಭಾಗದ ನಿಯಮ ಮೂರನ್ನೂ ಜೊತೆಗಿಟ್ಟುಕೊಂಡು ನನಗೆ ಇನ್ನೊಮ್ಮೆ ಬರೆಯಿರಿ. ವಾಪಸ್ ಹೋಗುವುದೇ ಸರಿ ಎಂದು ಕಂಡರೆ ಹಾಗೆಯೇ ಹೇಳುತ್ತೇನೆ.